ಸಿಧೂಮ್ ಮಗಳಲ್ಲಿ ಕ್ಷಮೆ ಕೇಳಿದ್ದು

ಮಲ್ಲಾವಿ ಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಸಿಧೂಮ್ ಎಂಬ ಹೆಸರಿನವರು ಹತ್ತಾರು ಜನ ಇದ್ದರು. ಆದರೆ ಕೊಪ್ಪರಿಗೆಯ ಸಿಧೂಮ್ ಎಂದರೆ ಒಬ್ಬನೇ. ಕಾಲುವೆಯ ಆಚೆ ದಡದಲ್ಲಿ ಅವನಿಗೂ ಅವನ ಅಣ್ಣ ಜಾಖಿರ್‌ಗೂ ಸೇರಿದ ಆಲೆಮನೆ ಇತ್ತು. ಕಬ್ಬು ಕೊಳ್ಳುವುದು, ಜೋನಿಬೆಲ್ಲ ಮಾರುವುದು ಅಣ್ಣನ ಪಾಲು. ಒಲೆ, ಕೊಪ್ಪರಿಗೆ, ಪಾಕ ತಮ್ಮನದು. ಗುಳ್ಳೆ ಒಡೆಯುವ ಸದ್ದಿನಲ್ಲೇ ಸಿಧೂಮ್ ಹದ ಹೇಳುತ್ತಿದ್ದ. ಈಸ್ಟರ್‌ಗೆ ಮುಂಚಿನ ಐವತ್ತೈದು ದಿನದ ಉಪವಾಸದಲ್ಲಿ ನಮ್ಮ ಕ್ರೈಸ್ತರ ಮನೆಗಳಲ್ಲಿ ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಂತೂ ಇಲ್ಲವೇ ಇಲ್ಲ. ಬೆಳಿಗ್ಗೆಯೂ ರೊಟ್ಟಿಗೆ ಜೋನಿಬೆಲ್ಲ ಮತ್ತು ಅರೆದ ಎಳ್ಳು, ಸಂಜೆಯೂ ಅದೇ. ಹಾಗಾಗಿ ವರ್ಷಕ್ಕೆ ಎರಡು ತಿಂಗಳು ಇಡೀ ಊರು ಸಿಧೂಮನ ಕೈಯಡುಗೆಯನ್ನೇ ಉಂಡ ಹಾಗೆ.

ಅವನ ಎಡಗೈಯ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಅಪ್ಪ ಕಬ್ಬಿನ ಜಲ್ಲೆಯಿಂದ ಹೊಡೆದಾಗ ಅಡ್ಡ ಹಿಡಿದ ಕೈ ಅದು. ಆ ಕಾಲದ ಅಪ್ಪಂದಿರು ಹೊಡೆಯುತ್ತಿದ್ದರು, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಆದರೆ ಅಪ್ಪನ ಕೈಯ ಜೊತೆಗೆ ಅಪ್ಪನ ಕೋಪವೂ ತನ್ನೊಳಗೆ ಇಳಿದಿದೆ ಎನ್ನುವುದು ಸಿಧೂಮನಿಗೆ ಗೊತ್ತಿತ್ತು. ಮೊದಲ ಮಗು ಇರಾಯಿಗೆ ಜ್ಞಾನಸ್ನಾನ ಆದ ದಿನ ಊರಿನ ಗುರು ಅಬೂನಾ ಬಾಖುಮ್ ಒದ್ದೆ ಮೈಯ, ಎಣ್ಣೆ ಹಚ್ಚಿದ ಕೂಸನ್ನು ಅವನ ಕೈಗಿಟ್ಟು, "ಇದು ನಿನ್ನದಲ್ಲ ಸಿಧೂಮ್. ದೇವರು ನೋಡ್ಕೊಳ್ಳೋಕೆ ಕೊಟ್ಟಿರೋದು. ಹೇಗೆ ನೋಡ್ಕೊಂಡೆ ಅಂತ ಒಂದಿನ ಕೇಳ್ತಾನೆ," ಎಂದಿದ್ದರು. ಎಲ್ಲ ತಂದೆತಾಯಿಗೂ ಅವರು ಹೇಳುವ ಮಾತೇ ಅದು. ಹೆಚ್ಚಿನವರು ತಲೆಯಾಡಿಸಿ ಮಿಠಾಯಿ ಹಂಚಲು ಹೋಗುತ್ತಾರೆ. ಸಿಧೂಮ್ ಮಾತ್ರ ಚರ್ಚಿನ ಬಾಗಿಲ ಬಳಿ ಮಗುವನ್ನು ಹಿಡಿದು ತುಂಬ ಹೊತ್ತು ನಿಂತಿದ್ದ. ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ಮಾತು ಕೊಟ್ಟ. ಹೆಂಡತಿ ಅವಾತಿಫ್‌ಗೂ ಹೇಳಲಿಲ್ಲ.

ಆ ಮಾತು ಹದಿನೈದು ವರ್ಷ ನಡೆಯಿತು. ಸುಲಭವಾಗಿ ನಡೆಯಿತು ಎಂದುಕೊಳ್ಳಬೇಡಿ. ಮಗ ಬಿಷಾಯ್ ಏಳು ವರ್ಷದವನಿದ್ದಾಗ ಪಕ್ಕದವರ ಹಸಿಮೇವಿನ ಹೊಲಕ್ಕೆ ಕತ್ತೆ ಬಿಟ್ಟು, ಅದು ಅರ್ಧ ಹೊಲ ಮೇಯುವವರೆಗೆ ಮರದ ಮೇಲೆ ಕೂತು ನೋಡಿದ್ದ. ಸಿಧೂಮ್ ಹಲ್ಲು ಕಚ್ಚಿಕೊಂಡು ಕೈಪಂಪಿನ ಬಳಿಗೆ ಹೋಗಿ, ಚಳಿಗಾಲದ ಬೆಳಿಗ್ಗೆ ತನ್ನ ತಲೆಯ ಮೇಲೆ ತಾನೇ ಮೂರು ಕೊಡ ನೀರು ಸುರಿದುಕೊಂಡ. ಗಡಗಡ ನಡುಗುತ್ತಾ ಒಳಗೆ ಬಂದವನನ್ನು ನೋಡಿ ಮಕ್ಕಳು ನಕ್ಕರು. ಅವಾತಿಫ್ ಟವೆಲ್ ತಂದು, "ಹೊಡ್ದಿದ್ರೆ ಅವ್ನಿಗೆ ನೋವಾಗ್ತಿತ್ತು. ಈಗ ನೆಗಡಿ ಆಗೋದು ನಿಂಗೆ," ಎಂದಳು. ಆಮೇಲೆ ಅಪ್ಪನೂ ಮಗನೂ ಕೂಡಿ ಆ ಹೊಲದವನಿಗೆ ನಾಲ್ಕು ದಿನ ನೀರು ಕಟ್ಟಿಕೊಟ್ಟರು.

ಸಂಜೆ ಐವರೂ ಪೂರ್ವಕ್ಕೆ ಮುಖ ಮಾಡಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಸಿಧೂಮ್‌ಗೆ ಓದು ಅಷ್ಟಕ್ಕಷ್ಟೆ. ಸುವಾರ್ತೆ ಓದುವುದು ಇರಾಯಿಯ ಕೆಲಸ. ಕಿರಿಯವಳು ಮರ್ಥಾ ನಿಂತಲ್ಲೇ ತೂಕಡಿಸಿ ಅಪ್ಪನ ಕಾಲಿಗೆ ಒರಗುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮೂವರ ಹಣೆಯ ಮೇಲೂ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿಯೇ ಅವನು ಹೊಸಿಲು ದಾಟುವುದು. ಧರ್ಮದ ಬಗ್ಗೆ ಮಾತು ಕಡಿಮೆ. ಇಷ್ಟೇ ಅವನ ಪಾಠ.

ಹೀಗಿರುವಾಗ ಒಂದು ಉಪವಾಸಕಾಲದ ಮೂರನೇ ಶುಕ್ರವಾರ ಬಂತು. ಶಾಲೆಗೆ ರಜೆ, ಇರಾಯಿ ಆಲೆಮನೆಯಲ್ಲಿ ಕೊನೆಯ ಕೊಪ್ಪರಿಗೆಯ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದಳು. ಉಪವಾಸದ ದಿನಗಳಾದ್ದರಿಂದ ಕೆಲಸ ಮೈಮೇಲೆ ಬಿದ್ದಿತ್ತು. ಸಿಧೂಮ್ ಬಂದು, "ಸೋಸೋ ಬಟ್ಟೆ ಹರ್ದೋಗಿದೆ. ಓಡ್ಹೋಗಿ ಮನೆಯಿಂದ ಹೊಸದು ತಗೊಂಡ್ ಬಾ. ಇಲ್ಲಿ ನಾನ್ ನೋಡ್ಕೋತೀನಿ," ಎಂದ. ಹುಡುಗಿ ಹೋದಳು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂತು. ಹೊರೆಯಲ್ಲಿ ಅರ್ಧ ಒಣಕಲು. ಸಿಧೂಮ್ ಹೊರಗೆ ಹೋಗಿ ಡ್ರೈವರ್ ಜೊತೆ ಜಗಳಕ್ಕೆ ನಿಂತ. ಜಗಳ ಬೆಳೆಯಿತು. ಕೊಪ್ಪರಿಗೆಯ ನೆನಪೇ ಹಾರಿಹೋಯಿತು.

ಸೀದ ವಾಸನೆ ಮೂಗಿಗೆ ಬಡಿದಾಗ ಅವನು ಒಳಗೆ ಓಡಿದ. ಪಾಕ ಕಪ್ಪಾಗಿ ತಳ ಹಿಡಿದಿತ್ತು, ಹೊಗೆ ಏಳುತ್ತಿತ್ತು. ಬೆಳಗ್ಗಿನಿಂದ ಹನ್ನೆರಡು ಜನ ದುಡಿದದ್ದು ಮಣ್ಣುಪಾಲು. ಅದೇ ಗಳಿಗೆಗೆ ಇರಾಯಿ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಸಿಧೂಮ್ ಒಂದು ಮಾತೂ ಕೇಳಲಿಲ್ಲ. ಎರಡು ಹೆಜ್ಜೆಗೆ ಅವಳ ಬಳಿ ಹೋಗಿ, "ಎಲ್ಲಿಗೆ ಹಾಳಾಗೋಗಿದ್ದೆ?" ಎಂದು ಕೆನ್ನೆಗೆ ಬಾರಿಸಿದ.

ಹುಡುಗಿ ಅಳಲಿಲ್ಲ. ಕೈಯಲ್ಲಿದ್ದ ಬಿಳಿ ಬಟ್ಟೆ ಜಾರಿ ಬೂದಿಯ ಮೇಲೆ ಬಿತ್ತು. ಅಪ್ಪನ ಮುಖವನ್ನು ಒಮ್ಮೆ ನೋಡಿ, ತಿರುಗಿ ಹೊರಗೆ ನಡೆದಳು.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಮುದುಕ ಹಾಜಿ ಮಖ್ಲೂಫ್ ಎಂಜಿನ್ ನಿಲ್ಲಿಸಿದ. ಸಿಧೂಮನ ಅಪ್ಪನ ಕಾಲದಿಂದ ಅಲ್ಲಿ ದುಡಿದವನು, ಆರು ಹೆಣ್ಣುಮಕ್ಕಳ ತಂದೆ.

"ಸಿಧೂಮ್," ಎಂದ ಮಖ್ಲೂಫ್, "ಆ ಮಗೂನ ನೀನೇ ಕಳ್ಸಿದ್ದು. ನಾನು ಇಲ್ಲೇ ನಿಂತು ಕೇಳಿದೀನಿ. ಅವ್ಳ ಕೈಲಿದ್ದ ಬಟ್ಟೆ ಕಾಣ್ಲಿಲ್ವೇನೋ ನಿಂಗೆ?"

ಸಿಧೂಮ್ ಬಗ್ಗಿ ಬಟ್ಟೆ ಎತ್ತಿಕೊಂಡ. ಬೂದಿ ಕೊಡವಿದ. ಅವನ ಕೈ ಇನ್ನೂ ಉರಿಯುತ್ತಿತ್ತು. ಆ ಉರಿ ಅವನಿಗೆ ಅಪ್ಪನದು ಅನ್ನಿಸಿತು.

ಸಂಜೆ ಮಾಳಿಗೆಯ ಮೇಲೆ ಇರಾಯಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಸಿಧೂಮ್ ಮೆಟ್ಟಿಲು ಹತ್ತಿ ಹೋಗಿ, "ತಪ್ಪಾಯ್ತು ಮಗಳೇ. ನಾನು ಹೊಡೀಬಾರದಿತ್ತು. ಆದ್ರೆ ಆ ಹೊತ್ತಲ್ಲಿ, ಪಾಕ ಎಲ್ಲ ಸೀದು, ತಲೆ ಕೆಟ್ಟು..." ಎಂದ.

"ಆಯ್ತು ಬಾಬಾ," ಎಂದಳು ಅವಳು, ಹಗ್ಗದ ಕಡೆಯೇ ನೋಡುತ್ತಾ.

ಮರುದಿನ ಬೆಳಿಗ್ಗೆ ಹಣೆಗೆ ಶಿಲುಬೆ ಹಾಕಲು ಹೋದಾಗ ಅವಳು ಮೆಲ್ಲಗೆ ತಲೆ ಪಕ್ಕಕ್ಕೆ ಸರಿಸಿದಳು. ಜಗಳವಿಲ್ಲ, ಕೋಪದ ಮಾತಿಲ್ಲ. ಸಿಧೂಮನ ಹೆಬ್ಬೆರಳು ಗಾಳಿಯಲ್ಲೇ ಉಳಿಯಿತು.

ಶನಿವಾರ ಸಂಜೆ ಅವನು ಪಾಪನಿವೇದನೆಗೆ ಹೋದ. ಅಬೂನಾ ಬಾಖುಮ್ ಎಲ್ಲ ಕೇಳಿ, ತಲೆಯ ಮೇಲೆ ಶಿಲುಬೆಯಿಟ್ಟು ಪಾಪವಿಮೋಚನೆಯ ಪ್ರಾರ್ಥನೆ ಹೇಳಿದರು. ಆದರೂ ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ, ಎಲ್ಲರೂ ಅಕ್ಕಪಕ್ಕದವರ ಅಂಗೈ ಮುಟ್ಟಿ ಶಾಂತಿ ಹಾರೈಸಿಕೊಳ್ಳುವ ಹೊತ್ತಿಗೆ, ಸಿಧೂಮ್‌ಗೆ ಕೈ ಮುಂದೆ ಬರಲಿಲ್ಲ. ಆಚೆ ಬದಿಯಲ್ಲಿ ಹೆಂಗಸರ ನಡುವೆ ಇರಾಯಿಯ ಬಿಳಿ ತಲೆವಸ್ತ್ರ ಕಾಣುತ್ತಿತ್ತು. ಗಂಡಸರೆಲ್ಲ ಚಪ್ಪಲಿ ಬಿಟ್ಟು ಪರಮಪ್ರಸಾದಕ್ಕೆ ಸಾಲು ನಿಂತರು. ಅವನು ಹಿಂದಿನ ಕಂಬಕ್ಕೆ ಒರಗಿಯೇ ಉಳಿದ. ಒಂದು ಭಾನುವಾರವೂ ತಪ್ಪಿಸದವನು ಹೀಗೆ ನಿಂತರೆ ಊರಿಗೆ ತಿಳಿಯದೇ ಇರುತ್ತದೆಯೇ? ಮುಂದಿನ ಭಾನುವಾರವೂ ಹಾಗೇ ಆಯಿತು.

ಎರಡನೇ ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಎತ್ತಿದ ಮೇಲೆ ಇರಾಯಿ ಅಪ್ಪನ ಎದುರಿಗೆ ಬಂದು ನಿಂತಳು.

"ಬಾಬಾ, ನೀನು ಯಾಕೆ ಪ್ರಸಾದಕ್ಕೆ ಹೋಗ್ತಿಲ್ಲ?"

"ನೀನು ಮನಸಾರೆ ಕ್ಷಮಿಸೋವರ್ಗೂ ಹೇಗೆ ಹೋಗ್ಲಿ ಮಗಳೇ?"

"ಎಲ್ರೂ ನನ್ನೇ ನೋಡ್ತಿದಾರೆ. 'ನಿಮ್ಮಪ್ಪ ಏನ್ ಪಾಪ ಮಾಡಿದಾನೆ' ಅಂತ ನನ್ನ ಕೇಳ್ತಾರೆ. 'ಅಪ್ಪ ಅಲ್ವಾ, ಬಿಟ್ಬಿಡು' ಅಂತ ನಂಗೇ ಬುದ್ಧಿ ಹೇಳ್ತಾರೆ. ಹೊಡ್ದೋನು ನೀನು, ಈಗ ಕೆಟ್ಟೋಳು ನಾನಾ? ನಿನ್ನ ಪ್ರಸಾದಾನ ನನ್ನ ಕೊರಳಿಗೆ ಕಟ್ಬೇಡ ಬಾಬಾ."

ಅವಾತಿಫ್ ಒಳಗಿನಿಂದ, "ಏ ಹುಡ್ಗೀ, ಅಪ್ಪನ ಹತ್ರ ಹೀಗಾ ಮಾತಾಡೋದು!" ಎಂದು ಗದರಿದಳು.

"ಮಾತಾಡ್ಲಿ ಬಿಡು," ಎಂದ ಸಿಧೂಮ್. "ಸರಿಯಾಗೇ ಹೇಳ್ತಿದಾಳೆ."

ಆ ಮಧ್ಯಾಹ್ನ ಅವನು ಮಲಗಲಿಲ್ಲ, ಚಹಾ ಕುಡಿಯಲಿಲ್ಲ. ಕಾಲುವೆಯ ಏರಿಯ ಮೇಲೆ ಅತ್ತಿಂದಿತ್ತ ನಡೆದ. ಹಿಂದಿನ ಕಂಬಕ್ಕೆ ಒರಗಿ ನಿಂತದ್ದು ತನ್ನ ವಿನಯ ಎಂದುಕೊಂಡಿದ್ದನಲ್ಲ, ಅದು ಮಗಳಿಗೆ ಬಿದ್ದ ಎರಡನೇ ಏಟಾಗಿತ್ತು. ಸಂಜೆ ಅಬೂನಾ ಅವರ ಮನೆಗೆ ಹೋಗಿ ಅದನ್ನೇ ಹೇಳಿದ.

ಅಬೂನಾ ಬಾಖುಮ್ ತೋಟದ ಈರುಳ್ಳಿಗೆ ನೀರು ಬಿಡುತ್ತಿದ್ದರು. "ಕೇಳೋದು ನಿನ್ನ ಕೆಲಸ. ಕೊಡೋದು ಅವ್ಳ ಕೆಲಸ. ಅವ್ಳದ್ದೂ ನೀನೇ ಮಾಡೋಕೆ ಹೋದ್ರೆ ಹೇಗೆ?" ಎಂದರು. "ನೀನು ಅವ್ಳನ್ನ ಎಲ್ಲಿ ಕೇಳ್ದೆ?"

"ಮಾಳಿಗೆ ಮೇಲೆ. ಇಬ್ರೇ ಇದ್ವಿ."

"ಹೊಡ್ದಿದ್ದು?"

ಅಬೂನಾ ನೀರಿನ ಕಡೆ ತಿರುಗಿದರು.

ಗುರುವಾರ ರಾತ್ರಿಯೂಟಕ್ಕೆ ಮುಂಚೆ ಸಿಧೂಮ್ ಮಗಳಿಗೆ, "ನಾಳೆ ಬೆಳಿಗ್ಗೆ ಆಲೆಮನೆಗೆ ಬರ್ತೀಯಾ? ಬರ್ಲೇಬೇಕು ಅಂತೇನಿಲ್ಲ," ಎಂದ. ಅವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಆದರೆ ಬೆಳಿಗ್ಗೆ ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ, ಕೈಕಟ್ಟಿ ನಿಂತಳು.

ಕೆಲಸದವರು ಎಂಜಿನ್ ಹಚ್ಚುವ ಮುಂಚಿನ ಚಹಾ ಕುಡಿಯುತ್ತಿದ್ದರು. ಹೊಡೆದ ದಿನ ಇದ್ದವರೆಲ್ಲ ಇದ್ದರು: ಮಖ್ಲೂಫ್, ಕಬ್ಬಿನ ಗರಿ ಸವರುವ ಹೆಂಗಸರು, ಹೊರೆ ಇಳಿಸುವವರು. ಬೆಲ್ಲದ ಡಬ್ಬ ಎಣಿಸಲು ಬಂದ ಜಾಖಿರ್ ಕೂಡ. ಸಿಧೂಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಎಲ್ಲಾರೂ ಸ್ವಲ್ಪ ಕೇಳಿ. ಎರಡು ವಾರದ ಹಿಂದೆ ಇಲ್ಲೇ ನಿಂತು ನನ್ನ ಮಗಳಿಗೆ ಹೊಡ್ದೆ. ನೀವೆಲ್ಲ ನೋಡಿದ್ರಿ. ಅವ್ಳನ್ನ ಮನೆಗೆ ಕಳ್ಸಿದ್ದು ನಾನು. ಮರ್ತಿದ್ದು ನಾನು. ಪಾಕ ಸೀದಿದ್ದು ನನ್ನಿಂದ. ಅವ್ಳದ್ದು ಎಳ್ಳಷ್ಟೂ ತಪ್ಪಿಲ್ಲ." ಅವನು ಬಾಗಿಲ ಕಡೆ ತಿರುಗಿದ. "ಇರಾಯಿ, ನಾನು ತಪ್ಪು ಮಾಡ್ದೆ. ನನ್ನನ್ನ ಕ್ಷಮ್ಸು. ಇವತ್ತೇ ಅಂತಿಲ್ಲ. ನಿಂಗೆ ಯಾವಾಗ ಆಗುತ್ತೋ ಆವಾಗ."

ಮೊದಲು ಬಾಯಿ ಬಿಟ್ಟವನು ಜಾಖಿರ್.

"ಮುಗೀತಾ? ಹೆಣ್ಣುಮಗೂ ಮುಂದೆ ಟೋಪಿ ತೆಗೆದು ನಿಂತ್ಯಲ್ಲೋ! ನಮ್ಮಪ್ಪ ಇದ್ದಿದ್ರೆ ಈಗ ನಿನ್ನ ಇನ್ನೊಂದು ಬೆರಳೂ ಮುರೀತಿದ್ದ. ನಾಳೆ ಕತ್ತೆ ಹತ್ರಾನೂ ಕ್ಷಮೆ ಕೇಳು, ಭಾರ ಹೊರ್ಸಿದೆ ಅಂತ."

"ನೀನ್ ಡಬ್ಬ ಎಣ್ಸು ಜಾಖಿರ್," ಎಂದ ಮಖ್ಲೂಫ್. "ಕತ್ತೆ ಸರದಿ ಬಂದಾಗ ನಿಂಗೆ ಹೇಳಿ ಕಳಿಸ್ತೀವಿ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಜಾಖಿರ್ ಬಾಗಿಲ ಹೊರಗೆ ಉಗಿದು ಹೊರಟುಹೋದ. ಇರಾಯಿ ತಲೆವಸ್ತ್ರ ಬಿಗಿಮಾಡಿಕೊಂಡು ಒಳಗೆ ಬಂದಳು, ಕೊನೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸಿಪ್ಪೆ ತಳ್ಳತೊಡಗಿದಳು. ಮಖ್ಲೂಫ್ ಎಂಜಿನ್ ಹಚ್ಚಿದ.

ಆ ಭಾನುವಾರ ಸಿಧೂಮ್ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತ. ಮಗಳು ಇನ್ನೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವಳಿಗೆ ಅವಳದೇ ಕಾಲ ಬೇಕು ಎಂದು ಅವನು ಒಪ್ಪಿಕೊಂಡಿದ್ದ. ಪ್ರಸಾದ ಸ್ವೀಕರಿಸಿ, ಬಾಯಿಗೆ ಬಿಳಿ ವಸ್ತ್ರ ಹಿಡಿದು ಹಿಂತಿರುಗಿದ. ಎರಡು ವಾರ ಹಸಿದಿದ್ದವನಿಗೆ ಹೊಟ್ಟೆ ತಂಪಾದ ಹಾಗಾಯಿತು ಎಂದು ಅವಾತಿಫ್‌ಗೆ ಆಮೇಲೆ ಹೇಳಿದ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಚರ್ಚಿನ ಅಂಗಳದ ತುಂಬ ಖರ್ಜೂರದ ಎಳೆಗರಿ. ಹುಡುಗಿಯರು ಶಿಲುಬೆ, ಕಿರೀಟ, ಉಂಗುರ ಹೆಣೆಯುತ್ತಿದ್ದರು. ಸಿಧೂಮ್ ಗರಿಯ ಕಟ್ಟು ಹೊತ್ತು ತಂದು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಇರಾಯಿ ಗೆಳತಿಯರ ಗುಂಪಿನಿಂದ ಎದ್ದು ಬಂದು ಅವನ ಅಂಗೈಯಲ್ಲಿ ಏನೋ ಇಟ್ಟಳು. ಗರಿಯಲ್ಲಿ ಹೆಣೆದ ಪುಟ್ಟ ಕತ್ತೆ. ಒಂದು ಕಿವಿ ಮೇಲೆ, ಒಂದು ಕೆಳಗೆ.

"ಇದು ಯೇಸು ಕೂತು ಬಂದ ಕತ್ತೆಯಾ?" ಎಂದ ಸಿಧೂಮ್.

"ಅಲ್ಲ," ಎಂದಳು ಇರಾಯಿ. "ಇದು ನೀನು."

ಒಂದು ಗಳಿಗೆ ಅಪ್ಪನೂ ಮಗಳೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಸಿಧೂಮ್ ನಗುತ್ತಾ ನಗುತ್ತಾ ಅಲ್ಲೇ ಗರಿಯ ಕಟ್ಟಿನ ಮೇಲೆ ಕೂತುಬಿಟ್ಟ; ಕಣ್ಣು ಒರೆಸಿಕೊಂಡ ತೋಳು ಒದ್ದೆಯಾಯಿತು. ಮರುದಿನ ಮೆರವಣಿಗೆಯಲ್ಲಿ ಬೇರೆಯವರ ಎದೆಯ ಮೇಲೆ ಶಿಲುಬೆ, ಅವನ ನಿಲುವಂಗಿಯ ಎದೆಯ ಮೇಲೆ ಕತ್ತೆ. ಯಾಕೆ ಎಂದು ಕೇಳಿದವರಿಗೆಲ್ಲ, "ನನ್ನ ಮಗಳು ಕೊಟ್ಟಿದ್ದು," ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಈಸ್ಟರ್ ಕಳೆದ ಮೇಲೆ ಒಂದು ದಿನ ಅವಳೇ ಕೇಳಿದಳು: "ಗುಳ್ಳೆ ಸದ್ದಲ್ಲಿ ಹದ ಹೇಗೆ ಗೊತ್ತಾಗುತ್ತೆ? ನಂಗೂ ಹೇಳ್ಕೊಡು." ಹೆಂಗಸರು ಸಿಪ್ಪೆ ತಳ್ಳಬಹುದು, ಗರಿ ಸವರಬಹುದು, ಆದರೆ ಕೊಪ್ಪರಿಗೆಗೆ ಸೌಟು ಹಾಕಿದ ಹೆಂಗಸರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಸಿಧೂಮ್ ಯೋಚಿಸಲೂ ಇಲ್ಲ. ಮುಂದಿನ ಹಂಗಾಮಿನಿಂದ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡ. "ಕಣ್ಮುಚ್ಕೋ. ಈಗ ಮಳೆ ಹನಿ ಬಿದ್ದಂಗೆ ಕೇಳುತ್ತಾ? ಇನ್ನೂ ಆಗಿಲ್ಲ. ಯಾರೋ ತುಟಿ ಚಪ್ಪರಿಸ್ದಂಗೆ ಕೇಳ್ಬೇಕು." ಅವಳು ಎರಡು ಸಲ ಪಾಕ ಕೆಡಿಸಿದಳು. ಎರಡು ಸಲವೂ ಅವನು ಹೊರಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬಂದು, "ಸರಿ, ಮತ್ತೆ ಹಚ್ಚು," ಎಂದ. ಮೂರನೇ ವರ್ಷಕ್ಕೆ ಜನ ಇರಾಯಿಯ ಪಾಕ, ಸಿಧೂಮನ ಪಾಕ ಎಂದು ಬೇರೆ ಮಾಡಲಾರದಂತಾದರು.

ಇರಾಯಿ ಅದೇ ಊರಿನ ಬಡಗಿಯೊಬ್ಬನನ್ನು ಮದುವೆಯಾದಳು, ಆಲೆಮನೆ ಬಿಡಲಿಲ್ಲ. ಸಿಧೂಮ್‌ಗೆ ಕಣ್ಣಿನಲ್ಲಿ ಪೊರೆ ಬಂತು. ಮಖ್ಲೂಫ್ ತೀರಿಕೊಂಡ, ಅವನ ಶವಯಾತ್ರೆಯ ಹಿಂದೆ ಸಿಧೂಮ್ ಮಣ್ಣಾಗುವ ತನಕ ನಡೆದು, ಬಂದವರಿಗೆಲ್ಲ ಮೂರು ದಿನ ಕಾಫಿ ಹಂಚಿದ.

ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ಜಾಖಿರ್ ಆಲೆಮನೆಗೆ ಬಂದ. ಡಬ್ಬ ಎಣಿಸಲಿಲ್ಲ, ಕಬ್ಬನ್ನು ಬೈಯಲಿಲ್ಲ. ಒಲೆಯ ಬಳಿ ಮಣೆ ಎಳೆದುಕೊಂಡು ಕೂತ. ಅವನ ಮಗ ಗಾದ್ ಅಪ್ಪನದೇ ಮನೆಯ ಮೇಲಂತಸ್ತಿನಲ್ಲಿ ಹೆಂಡತಿ ಮಗುವಿನ ಜೊತೆ ಇದ್ದು, ಎರಡು ವರ್ಷದಿಂದ ಅಪ್ಪನೊಡನೆ ಮಾತು ಬಿಟ್ಟಿದ್ದ. ಬೀಗರು ಊಟಕ್ಕೆ ಬಂದಿದ್ದಾಗ ಅವರೆಲ್ಲರ ಮುಂದೆ ಜಾಖಿರ್ ಅವನನ್ನು ಕೈಲಾಗದವನೆಂದು ಹಂಗಿಸಿದ್ದು ಕಾರಣ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ದೊಡ್ಡಪ್ಪಾ, ಚಹಾ ಕೊಡ್ಲಾ?" ಎಂದಳು ಇರಾಯಿ, ಸೌಟು ಆಡಿಸುತ್ತಾ.

"ಬೇಡ." ಅವಳು ಆಚೆ ಹೋಗಲೆಂದು ಜಾಖಿರ್ ಸ್ವಲ್ಪ ಹೊತ್ತು ಕಾದ. ಪಾಕ ಹದಕ್ಕೆ ಬರುತ್ತಿತ್ತು, ಅವಳು ಹೋಗುವ ಹಾಗಿರಲಿಲ್ಲ. ಕೊನೆಗೆ ತಮ್ಮನ ಕಡೆ ಬಾಗಿ, "ಸಿಧೂಮ್, ಅವತ್ತು ನೀನು ಇಲ್ಲಿ... ಮೊದ್ಲು ಏನಂತ ಶುರು ಮಾಡ್ದೆ?" ಎಂದ.

ಸಿಧೂಮ್ ಅಣ್ಣನ ಮುಖ ನೋಡಿದ. ಪೊರೆ ಬಂದ ಕಣ್ಣಿಗೂ ಅವನು ಮುದಿಯಾಗಿದ್ದು ಕಾಣಿಸಿತು. "ದೊಡ್ಡದೇನೂ ಅಲ್ಲ ಅಣ್ಣ. ಆಗಿದ್ದು ಆದಂಗೆ ಹೇಳ್ದೆ, ಅಷ್ಟೆ."

"ಅವನದ್ದೂ ತಪ್ಪಿದೆ ಕಣೋ."

"ಅದನ್ನ ಹೇಳ್ಬೇಡ ದೊಡ್ಡಪ್ಪಾ," ಎಂದಳು ಇರಾಯಿ. ಅವಳು ತಿರುಗಿ ನೋಡಲಿಲ್ಲ. ಕಿವಿ ಗುಳ್ಳೆಯ ಮೇಲಿತ್ತು. "ಬಾಬಾ ಮಾಳಿಗೆ ಮೇಲೆ ಕ್ಷಮೆ ಕೇಳ್ದಾಗ 'ಆದ್ರೆ' ಅಂದ. ಅವತ್ತು ನಂಗೆ ಇನ್ನೂ ಸಿಟ್ಟು ಬಂತು. ಇಲ್ಲಿ ಕೇಳ್ದಾಗ 'ಆದ್ರೆ' ಅನ್ಲಿಲ್ಲ. ಎಲ್ರ ಮುಂದೆ ಕೇಳಿದ್ದು ದೊಡ್ಡದಲ್ಲ. 'ಆದ್ರೆ' ಅನ್ಲಿಲ್ವಲ್ಲ, ಅದಕ್ಕೇ ನಾನು ಒಲೆ ಮುಂದೆ ಬಂದು ಕೂತಿದ್ದು."

ಸಿಧೂಮ್‌ಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಆ ಗರಿಯ ಕತ್ತೆಯ ದಿನವೇ ತನಗೆ ಕ್ಷಮೆ ಸಿಕ್ಕಿದ್ದು ಎಂದುಕೊಂಡಿದ್ದ. ಅದು ಅದಕ್ಕೂ ಮುಂಚೆ, ತನ್ನ ಕಣ್ಣೆದುರೇ, ಸದ್ದಿಲ್ಲದೆ ಸಿಕ್ಕಿತ್ತು. ಅವನು ಎದ್ದು ಇನ್ನೊಂದು ಕೊಪ್ಪರಿಗೆಯ ಬಳಿಗೆ ಹೋಗಿ ಇಲ್ಲದ ನೊರೆ ತೆಗೆಯತೊಡಗಿದ. ಹೊಡೆದದ್ದು ಒಳ್ಳೆಯದಾಯಿತು ಎಂದು ಅವನಿಗೆ ಎಂದೂ ಅನ್ನಿಸಲಿಲ್ಲ. ಆದರೆ ಎದುರು ನಿಂತು ನಿಜ ಹೇಳುವ ಮಗಳನ್ನು ದೇವರು ಕೊಟ್ಟನಲ್ಲ, ಅದಕ್ಕೆ ಏನು ಹೇಳಿ ಉಪಕಾರ ಸ್ಮರಿಸಬೇಕೆಂದು ತಿಳಿಯಲಿಲ್ಲ.

ಜಾಖಿರ್ ಒಲೆಗೆ ಒಂದು ಹಿಡಿ ಸಿಪ್ಪೆ ತಳ್ಳಿದ. "'ಆದ್ರೆ' ಇಲ್ದೆ ಮಾತಾಡೋಕೆ ನಂಗೆ ಬರುತ್ತಾ ಅಂತ ನೋಡ್ಬೇಕು," ಎಂದು ಗೊಣಗಿ, ಮೊಣಕಾಲು ಹಿಡಿದು ಎದ್ದು ಹೋದ.

ಆ ಸಂಜೆ ಆ ಮನೆಯಲ್ಲಿ ಏನು ಮಾತಾಯಿತೋ ಯಾರಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಸಿಧೂಮ್ ರೊಟ್ಟಿ ತರಲು ಹೊರಟಿದ್ದ. ಬೀದಿಯ ತಿರುವಿನಲ್ಲಿ ಜಾಖಿರ್‌ನ ಬೆಲ್ಲದಂಗಡಿಯ ಕಬ್ಬಿಣದ ಬಾಗಿಲು ಕಿರಗುಟ್ಟುತ್ತಾ ಮೇಲೇಳುವುದು ಕೇಳಿಸಿತು. ಒಂದು ಬದಿಯಲ್ಲಿ ಎತ್ತುತ್ತಿದ್ದವನು ಜಾಖಿರ್, ಇನ್ನೊಂದು ಬದಿಯಲ್ಲಿ ಗಾದ್. ಇಬ್ಬರೂ ಮಾತಾಡುತ್ತಿರಲಿಲ್ಲ, ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತ್ತು. "ನಿನ್ನ ಕಡೆ ಸ್ವಲ್ಪ ಇಳ್ಸು," ಎಂದ ಗಾದ್. ಅಪ್ಪ ಇಳಿಸಿದ.

ತಾನು ಕಣ್ಣಿಗೆ ಬಿದ್ದರೆ ಇಬ್ಬರಿಗೂ ಮುಜುಗರ ಎಂದು ಸಿಧೂಮ್ ಪಕ್ಕದ ಓಣಿಗೆ ಹೊರಳಿದ. ಹೊರಳಿದ್ದೇ ತಡ, ದೇವರಿಗೆ ಸ್ತೋತ್ರ ಹೇಳಲು ಶುರುಮಾಡಿದ. ಅಣ್ಣನಿಗಾಗಿ, ಗಾದ್‌ಗಾಗಿ, ಇರಾಯಿಗಾಗಿ, ತೀರಿಕೊಂಡ ಮಖ್ಲೂಫ್‌ಗಾಗಿ, ಹೆಸರು ನೆನಪಾದವರಿಗೆಲ್ಲ. ಹೇಳುತ್ತಾ ಹೇಳುತ್ತಾ ಮನೆಯ ಬಾಗಿಲಿಗೇ ಬಂದು ನಿಂತಾಗ ಅವಾತಿಫ್ ಅವನ ಖಾಲಿ ಕೈ ನೋಡಿ, "ರೊಟ್ಟಿ ಎಲ್ಲಿ?" ಎಂದಳು.